ಎಂಟು ಜನರ ತೂಕ

ಓಬಳೇಶನ ಜೀಪಿಗೆ ಮೂರು ಬೆರಳಿನಷ್ಟು ಎತ್ತರ ಇರಲಿಲ್ಲ.

ಉಳಿದದ್ದೆಲ್ಲ ಹೇಗೋ ನಡೆಯುತ್ತಿತ್ತು. ಅದು ಮಿಲಿಟರಿ ಹರಾಜಿನ ಜೀಪು. ಕಂಪ್ಲಿಯಲ್ಲಿ ಕಾಲುವೆ ನೀರಿನ ಗದ್ದೆ ಮಾಡುತ್ತಿದ್ದ ಅವನ ಹೆಂಡತಿಯ ಅಣ್ಣ ಎರಡು ಬೆಳೆಯ ಭತ್ತ ಮಾರಿ ಅದನ್ನು ಕೊಂಡಿದ್ದ. ಮನೆಗೆ ಟ್ರ್ಯಾಕ್ಟರ್ ಬಂದ ಮೇಲೆ ತಂಗಿಯ ಗಂಡನಿಗೆ ಬಿಟ್ಟುಕೊಟ್ಟ. ಕೈ ಬ್ರೇಕು ಹೆಸರಿಗಷ್ಟೇ ಇತ್ತು. ಇಳಿಜಾರಿನಲ್ಲಿ ಒಂದನೇ ಗೇರು ತಾನಾಗಿ ಹಾರುತ್ತಿತ್ತು, ಎಡ ಮೊಣಕಾಲಿನಿಂದ ಒತ್ತಿ ಹಿಡಿಯಬೇಕಿತ್ತು. ಇವಕ್ಕೆಲ್ಲ ಓಬಳೇಶ ಹೊಂದಿಕೊಂಡಿದ್ದ. ಎತ್ತರದ ಮುಂದೆ ಮಾತ್ರ ಅವನ ಆಟ ನಡೆಯಲಿಲ್ಲ.

ದಿನಾ ಬೆಳಿಗ್ಗೆ ಅವನು ತನ್ನೂರು ವಡ್ಡುವಿನಿಂದ ಹನ್ನೆರಡು ಹೆಂಗಸರನ್ನು ತುಂಬಿಕೊಂಡು ಸಂಡೂರಿನ ಮೇಲಿನ ಗುಡ್ಡಕ್ಕೆ ಒಯ್ಯುತ್ತಿದ್ದ. ಅಲ್ಲಿಯ ಕ್ಯಾಂಪಿನಲ್ಲಿ ಅವರು ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದರು. ಸಂಜೆ ಅದೇ ಹನ್ನೆರಡು ಜನರನ್ನು ಇಳಿಸಿಕೊಂಡು ಬರುತ್ತಿದ್ದ. ನಡುವೆ ಜೀಪು ಕ್ಯಾಂಪಿನ ಬೇವಿನ ಗಿಡದ ಕೆಳಗೆ ನಿಂತಿರುತ್ತಿತ್ತು. ಗುಡ್ಡದ ದಾರಿಯ ಅರ್ಧದಲ್ಲಿ ಒಂದು ಹಾಸುಬಂಡೆ, ಮಲಗಿದ ಎಮ್ಮೆಯ ಬೆನ್ನಿನಂತೆ ದಾರಿಗೆ ಅಡ್ಡಲಾಗಿ ಉಬ್ಬಿತ್ತು. ಎಲ್ಲರೂ ಅದನ್ನು ಎಮ್ಮೆಬೆನ್ನು ಎಂದೇ ಕರೆಯುತ್ತಿದ್ದರು. ಮುಂದಿನ ಗಾಲಿ ದಾಟಿದ ಕೂಡಲೇ ಜೀಪಿನ ಹೊಟ್ಟೆ, ಅಂದರೆ ಗೇರ್ ಬಾಕ್ಸಿನ ತಳ, ಬಂಡೆಗೆ ಕೆರೆದು ಕೂತುಬಿಡುತ್ತಿತ್ತು. ಹೆಂಗಸರು ಇಳಿದು ನೂಕಬೇಕು, ದಾಟಿದ ಮೇಲೆ ಮತ್ತೆ ಹತ್ತಬೇಕು. ಅಷ್ಟರಲ್ಲಿ ಎಂಟು ಗಂಟೆಯ ಹಾಜರಿ ತಪ್ಪುತ್ತಿತ್ತು.

"ಲೇ ಓಬಳೇಶಿ, ನೀ ನಮ್ಮನ್ನ ಜೀಪಿನ್ಯಾಗ ಒಯ್ತೀಯೋ, ನಾವು ನಿನ್ನ ಜೀಪು ಒಯ್ತೀವೋ?" ಎಂದು ದುರುಗವ್ವ ದಿನಾ ಕೇಳುತ್ತಿದ್ದಳು. ಹನ್ನೆರಡು ಜನರಲ್ಲಿ ಅವಳೇ ಹಿರಿಯಳು, ಅವಳೇ ದಪ್ಪ.

ಒಂದು ಶನಿವಾರ ಕ್ಯಾಂಪಿನ ಮೇಸ್ತ್ರಿ ತಾಯಪ್ಪ ಹಾಜರಿ ಪುಸ್ತಕ ಮಡಚಿ ಕಂಕುಳಲ್ಲಿಟ್ಟುಕೊಂಡು ಓಬಳೇಶನ ಹತ್ತಿರ ಬಂದ.

"ಸಂಡೂರು ಗಾಳೆಪ್ಪ ಹೊಸಾ ಜೀಪು ತಗೊಂಡಾನಂತ. ನಿನ್ನೆ ಕಾಂಟ್ರಾಕ್ಟರ ಹತ್ರ ಕುಂತಿದ್ದ."

"ಕುಂದರ್ಲಿ ಬಿಡ್ರಿ."

"ಕುಂತಿದ್ದಕ್ಕ ನಂದೇನೂ ಇಲ್ಲಪಾ. ಸೋಮವಾರದಿಂದ ಎಂಟಕ್ಕ ಹೆಂಗಸರು ಮ್ಯಾಲಿರಬೇಕು. ಎಮ್ಮಿಬೆನ್ನಿನ ಹತ್ರ ಒಬ್ಬರೂ ಇಳೀಬಾರ್ದು. ಇಳಿದ್ರಂದ್ರ ಗಾಡಿ ಗಾಳೆಪ್ಪಂದು."

ಓಬಳೇಶನಿಗೆ ಹೊಲವಿರಲಿಲ್ಲ, ಬೇರೆ ಬಾಡಿಗೆಯೂ ಇರಲಿಲ್ಲ. ಈ ಹನ್ನೆರಡು ಜನರೇ ಅವನ ಬಾಳು.

ಭಾನುವಾರ ಬೆಳಿಗ್ಗೆ ಹೊಸಪೇಟೆಗೆ ಹೋದ. ರೈಲ್ವೆ ಗೇಟಿನ ಹತ್ತಿರ ಮರಿಸ್ವಾಮಿಯ ಗ್ಯಾರೇಜು. ಯುಗಾದಿ ಹತ್ತಿರವಿದ್ದುದರಿಂದ ಹೆಂಗಸರೂ ಸೀರೆ ಕೊಳ್ಳಲು ಅದೇ ಜೀಪಿನಲ್ಲಿ ಬಂದಿದ್ದರು. ಗ್ಯಾರೇಜಿನ ಅಂಗಳದಲ್ಲಿ ಕಾಲುವೆ ಕೆಲಸದ ಅಂಜಿನಯ್ಯನ ಜೀಪು ನಿಂತಿತ್ತು. ಅದನ್ನು ಒಂದು ಮೊಳದಷ್ಟು ಎತ್ತಿಸಿದ್ದರು. ಹತ್ತಬೇಕಾದರೆ ಸೀಟಿನ ಕಂಬಿ ಹಿಡಿದು ಜೋತಾಡಬೇಕಿತ್ತು.

"ಎತ್ತಿದ್ರ ಹಿಂಗ ಎತ್ತಬೇಕಲೇ," ಎಂದ ಅಂಜಿನಯ್ಯ. "ಒಂಟಿ ಇದ್ದಂಗ ಐತಿ."

ಮರಿಸ್ವಾಮಿ ಹಳೇ ಬನಿಯನ್ನಿನಿಂದ ಕೈ ಒರೆಸುತ್ತ, "ಒಂಟೀನ ಹೌದು. ಮೊನ್ನೆ ಕಾಲುವಿ ಏರಿ ಮ್ಯಾಲೆ ತಿರುವಿನಾಗ ಎರಡು ಕಾಲು ಎತ್ತಿ ನಿಂತಿತ್ತಲ್ಲ, ಅದನ್ನೂ ಹೇಳು," ಎಂದ.

ಅಂಜಿನಯ್ಯ ಬೀಡಿ ಹಚ್ಚಲು ಆಚೆ ಹೋದ.

ಓಬಳೇಶನಿಗೆ ಒಂಟೆ ಬೇಕಿರಲಿಲ್ಲ. ಅವನು ಯಾವತ್ತೂ ಬೇಕಾದ್ದಕ್ಕಿಂತ ಹೆಚ್ಚು ಕೇಳಿದವನಲ್ಲ, ಆ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು. "ಮರಿಸ್ವಾಮಣ್ಣ, ನನಗ ಮೂರೇ ಬೆರಳು ಸಾಕು. ಎಮ್ಮಿಬೆನ್ನು ದಾಟಿದ್ರ ಆತು."

"ಹಂಗನ್ನು. ಸ್ಪ್ರಿಂಗ್ ಕಮಾನಿಗೆ ಒಂದೊಂದು ಪಟ್ಟಿ ಕೂಡಿಸ್ತೀನಿ. ಮೂರು ಬೆರಳು ಏಳ್ತೈತಿ. ದಿನಾ ಓಡೋ ಗಾಡಿಗೆ ಅದಕ್ಕಿಂತ ಹೆಚ್ಚು ಬ್ಯಾಡ." ಮರಿಸ್ವಾಮಿ ಗೋಣಿತಟ್ಟು ಹಾಸಿ ಜೀಪಿನ ಕೆಳಗೆ ಮಲಗಿದ. ಗೇರ್ ಬಾಕ್ಸಿನ ತಳಕ್ಕೂ ನೆಲಕ್ಕೂ ನಡುವೆ ಕೈಯಿಟ್ಟು ಅಳೆಯತೊಡಗಿದ.

"ಹಂಗ ಅಳೀಬ್ಯಾಡ," ಎಂದ ಓಬಳೇಶ.

"ಮತ್ತ ಹೆಂಗ ಅಳೀಲಿ?"

"ಖಾಲಿ ಜೀಪು ಅಳದು ಏನ್ ಮಾಡ್ತಿ? ಅದು ಯಾವತ್ತು ಖಾಲಿ ಓಡೇತಿ? ತುಂಬಿದ ಮ್ಯಾಲೆ ಮೂರು ಬೆರಳು ಬೇಕು ನನಗ."

ಅವನು ಹೇಳಿದ್ದು ಸುಳ್ಳಲ್ಲ. ಆ ಜೀಪನ್ನು ಗುಡ್ಡದ ದಾರಿಯಲ್ಲಿ ಖಾಲಿಯಾಗಿ ಕಂಡವರೇ ಇರಲಿಲ್ಲ. ವಡ್ಡುವಿನಲ್ಲಿ ಹತ್ತಿದವರು ವಡ್ಡುವಿನಲ್ಲೇ ಇಳಿಯುತ್ತಿದ್ದರು. ಜೀಪಿನ ಎತ್ತರವೆಂದರೆ ಹನ್ನೆರಡು ಜನ ಕೂತಾಗಿನ ಎತ್ತರ ಎಂದೇ ಅವನ ಲೆಕ್ಕ. ಆದ್ದರಿಂದ ಸೀರೆಯಂಗಡಿಯಿಂದ ಬಂದ ಹೆಂಗಸರನ್ನೆಲ್ಲ ಗ್ಯಾರೇಜಿನ ಅಂಗಳದಲ್ಲೇ ಜೀಪಿಗೆ ಹತ್ತಿಸಿದ.

"ನಮ್ಮನ್ನ ತೂಗಾಕ ಹತ್ತೀರೇನು?" ಎಂದಳು ದುರುಗವ್ವ. "ಮರಿಸ್ವಾಮಣ್ಣ, ನನ್ನ ಇಬ್ಬರು ಅಂತ ಹಿಡಕೋರಿ ಮತ್ತ. ಆಮ್ಯಾಲೆ ಲೆಕ್ಕ ತಪ್ಪೀತು."

ಅವಳ ತಂಗಿಯ ಮಗಳು ಎಲ್ಲಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಮದುವೆಯಾಗಿ ವರ್ಷ ತುಂಬಿರದ ಹುಡುಗಿ. ಕೆಳಗೆ ಮಲಗಿದ್ದ ಮರಿಸ್ವಾಮಿ ಮಾತ್ರ ನಗಲಿಲ್ಲ. ಒಂದು ಪಟ್ಟಿ ಕೂಡಿಸಿದರೆ ತುಂಬಿದ ಜೀಪು ಒಂದು ಬೆರಳೂ ಏಳುವುದಿಲ್ಲ ಎಂದ. ಎರಡು ಹಾಕು ಎಂದ ಓಬಳೇಶ. ಎರಡು ಹಾಕಿದರೂ ಮೂರು ಬೆರಳಿಗೆ ಸ್ವಲ್ಪ ಕಡಿಮೆ ಬಂತು. ಹಳೇ ಲಾರಿಯ ಗಟ್ಟಿ ಪಟ್ಟಿ ಹುಡುಕಿ ಹಾಕಿಸಿದ. ಮಧ್ಯಾಹ್ನ ಮೂರು ಗಂಟೆಗೆ ಹನ್ನೆರಡೂ ಜನ ಮತ್ತೊಮ್ಮೆ ಹತ್ತಿ ಕೂತರು. ಮೂರು ಬೆರಳು. ಕೂದಲಷ್ಟೂ ಹೆಚ್ಚಿಲ್ಲ.

ಹೆಂಗಸರು ಇಳಿದಾಗ ಜೀಪು ಮೇಲೆದ್ದಿತು. ಎಂಟು ಬೆರಳು ಎದ್ದಿತು.

ಮರಿಸ್ವಾಮಿ ಮತ್ತೆ ಕೆಳಗೆ ತೂರಿದ. ಜೀಪಿನ ಚೌಕಟ್ಟಿನಿಂದ ಮುಂದಿನ ಗಾಲಿಗಳ ಅಚ್ಚಿಗೆ ಇಳಿಯುವ ಬ್ರೇಕಿನ ರಬ್ಬರ್ ಪೈಪು ಏಕತಾರಿಯ ತಂತಿಯಂತೆ ಬಿಗಿದುಕೊಂಡಿತ್ತು. ಅದನ್ನು ಉಗುರಿನಿಂದ ಮೀಟಿ ನೋಡಿ ಹೊರಗೆ ಬಂದ.

"ಪೈಪು ಗಿಡ್ಡ ಆತು. ಉದ್ದಂದು ಹಾಕಬೇಕು. ಇಲ್ಲಿ ಸಿಗಂಗಿಲ್ಲ, ಬಳ್ಳಾರಿಯಿಂದ ಬರಬೇಕು. ಗುರುವಾರ ಬಾ."

"ಗುರುವಾರತನಕ?"

"ತುಂಬಿ ಓಡಿಸಿದ್ರ ಅಚ್ಚು ಮ್ಯಾಲೆ ಬರ್ತೈತಿ, ಪೈಪು ಸಡಿಲ ಆಕ್ಕತಿ. ಖಾಲಿ ಇದ್ದಾಗ ಒಂದು ಗಾಲಿ ತೆಗ್ಗಿಗೆ ಇಳಿದು ಜೋತು ಬಿತ್ತಂದ್ರ ಕಿತ್ತು ಹೋಗ್ತೈತಿ. ಒಂದು ಕಿತ್ರ ನಾಲ್ಕೂ ಗಾಲಿ ಬ್ರೇಕು ಇಲ್ಲ, ಗೊತ್ತೈತಲ್ಲ? ಎಂಟು ಜನಕ್ಕಿಂತ ಕಮ್ಮಿ ಇದ್ರ ಗುಡ್ಡ ಇಳೀಬ್ಯಾಡ."

"ಖಾಲಿ ಎಲ್ಲಿ ಓಡ್ತೈತಣ್ಣ," ಎಂದ ಓಬಳೇಶ.

ಜೀಪಿನ ಹಿಂದೆ ನಿಂತು ಸೀರೆಯ ಗಂಟು ಕಟ್ಟುತ್ತಿದ್ದ ದುರುಗವ್ವ ಈ ಮಾತನ್ನೆಲ್ಲ ಕೇಳಿಸಿಕೊಂಡಳು.

ಸೋಮವಾರ ಜೀಪು ಎಮ್ಮೆಬೆನ್ನನ್ನು ಸದ್ದಿಲ್ಲದೆ ದಾಟಿತು. ಹೆಂಗಸರು ಸಿಳ್ಳೆ ಹಾಕಿದರು. ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಮೇಲಿದ್ದರು. ತಾಯಪ್ಪ ಗಡಿಯಾರ ನೋಡಿ ಹಾಜರಿ ಪುಸ್ತಕ ಬಿಡಿಸಿದ. ಮಂಗಳವಾರವೂ ಹಾಗೇ ಆಯಿತು. ಸಂಜೆ ಇಳಿಯುವಾಗ ಓಬಳೇಶ ಮಾತ್ರ ದಾರಿಯುದ್ದಕ್ಕೂ ತಲೆಗಳನ್ನು ಎಣಿಸುತ್ತಿದ್ದ. ಯಾರಾದರೂ ನಡುವೆ ಇಳಿಯುತ್ತೇನೆಂದರೆ ಬೈಯುತ್ತಿದ್ದ.

ಬುಧವಾರ ಹನ್ನೊಂದು ಗಂಟೆಗೆ, ಗಣಿಗಾಗಿ ಗುಡ್ಡ ಕಡಿದ ಮೇಲಿನ ಮೆಟ್ಟಿಲಿನಿಂದ ಒಂದು ಕಲ್ಲು ಉರುಳಿ ಎಲ್ಲಮ್ಮನ ಬಲಪಾದದ ಮೇಲೆ ಬಿತ್ತು. ಸೀರೆಯ ಸೆರಗು ಹರಿದು ಕಟ್ಟಿದರು. ಕಟ್ಟಿದ ಬಟ್ಟೆ ನೋಡನೋಡುತ್ತಲೇ ತೊಯ್ದು ಹೋಯಿತು.

"ಸಂಡೂರು ಆಸ್ಪತ್ರಿಗೆ ಒಯ್ಯಿ, ಜಲ್ದಿ," ಎಂದ ತಾಯಪ್ಪ.

ಓಬಳೇಶ ಜೀಪಿನ ಹತ್ತಿರ ಹೋಗಿ ನಿಂತುಕೊಂಡ. ಬೇವಿನ ನೆರಳಲ್ಲಿ ಅದು ಕಾಲ ಬೆರಳ ಮೇಲೆ ನಿಂತ ಪ್ರಾಣಿಯಂತೆ ಎತ್ತರವಾಗಿ ಕಂಡಿತು.

"ಇನ್ನೊಂದಿಷ್ಟು ಹೆಂಗಸರನ್ನ ಕಳಸ್ರಿ ಮೇಸ್ತ್ರಿ. ಏಳು ಮಂದಿ."

"ಏಳು ಮಂದಿ? ಆಕೀಗೆ ಕಾಲು ಹೋಗೇತಿ, ದಿಬ್ಬಣ ಹೊಂಟೀಯೇನು? ಮಧ್ಯಾಹ್ನಕ್ಕ ಲಾರಿ ಬರ್ತಾವ, ಒಡಿಯೋರು ಯಾರು?"

"ಹಂಗಾರ ನಾಲ್ಕು ಚೀಲ ಕಲ್ಲು ಹಾಕ್ಕೊಂಡು ಹೊಕ್ಕೀನಿ."

"ತಲಿ ನೆಟ್ಟಗೈತೇನು? ಕ್ಯಾಂಪಿನ ಗೇಟಿನಾಗ ಪರ್ಮಿಟ್ ಕೇಳ್ತಾರ."

ಅದೂ ನಿಜ. ಪರ್ಮಿಟ್ ಇಲ್ಲದೆ ಅದಿರು ಗೇಟು ದಾಟಿದರೆ ಕಳವು. ಅದಿರಲ್ಲದ ಕಲ್ಲು ಆ ಗುಡ್ಡದಲ್ಲಿ ಇರಲಿಲ್ಲ. ಹೋದ ತಿಂಗಳು ಗಾಲಿಗೆ ಅಡ್ಡ ಕೊಡಲು ಎರಡು ಕಲ್ಲು ಇಟ್ಟುಕೊಂಡಿದ್ದ ಲಾರಿ ಡ್ರೈವರನೊಬ್ಬನನ್ನು ಗೇಟಿನಲ್ಲಿ ಅರ್ಧ ದಿನ ಕೂಡಿಸಿದ್ದರು. ಓಬಳೇಶ ನೀರಿನ ಡ್ರಮ್ಮುಗಳ ಕಡೆ ನೋಡಿದ. ಬೆಳಿಗ್ಗೆ ತಂದ ನೀರು ಆಗಲೇ ತಳ ಕಂಡಿತ್ತು.

"ಭಾರ ಯಾಕ ಬೇಕು ನಿನಗ?" ತಾಯಪ್ಪ ಹತ್ತಿರ ಬಂದ. "ಗಾಡ್ಯಾಗ ಏನರ ದೋಷ ಐತೇನು? ಇದ್ರ ಈಗಲೇ ಹೇಳು."

ಹೇಳಲು ಒಂದೇ ಮಾತು ಸಾಕಿತ್ತು. ಬ್ರೇಕಿನ ಪೈಪು ಗಿಡ್ಡ ಐತಿ. ಹೇಳಿದರೆ ಎಲ್ಲಮ್ಮನನ್ನು ಕಂಬಳಿಯಲ್ಲಿ ಹೊತ್ತು ಇಳಿಸುತ್ತಿದ್ದರು, ಇಲ್ಲವೆ ಮಧ್ಯಾಹ್ನದ ಲಾರಿಗೆ ಕಾಯುತ್ತಿದ್ದರು. ನಾಳೆಯಿಂದ ಗಾಳೆಪ್ಪನ ಜೀಪು ಬರುತ್ತಿತ್ತು. ಒಂದೇ ದಿನದ ಮಾತು, ನಾಳೆ ಗುರುವಾರ, ಎಂದುಕೊಂಡ ಓಬಳೇಶ.

"ಏನಿಲ್ಲ," ಎಂದ. "ಕುಲುಕಾಟ ಕಮ್ಮಿ ಆಗ್ಲಿ ಅಂತ ಅಂದೆ."

ಎಲ್ಲಮ್ಮನನ್ನು ಹಿಂದೆ ಮಲಗಿಸಿದರು. ದುರುಗವ್ವ ಸುತ್ತಿಗೆ ಎಸೆದು ಬಂದಳು. ಒಬ್ಬಳು ಹೋಗಲು ತಾಯಪ್ಪ ಅಡ್ಡಿ ಮಾಡಲಿಲ್ಲ. ಅವಳು ಹತ್ತುವ ಮೊದಲು ಓಬಳೇಶನ ಮುಖ ನೋಡಿದಳು.

"ಪೈಪು ಹಾಕಿಸಿದಿ?"

"ನಾಳಿ ಬರ್ತೈತಿ, ದುರುಗವ್ವ."

ಅವಳು ಜೀಪಿನೊಳಗೆ ಇಣುಕಿದಳು. ಒಳಗೆ ಎಲ್ಲಮ್ಮ ಹಲ್ಲು ಕಚ್ಚಿ ನರಳುತ್ತಿದ್ದಳು.

"ನಾ ಇಬ್ಬರ ತೂಕ ಅದೀನಲ್ಲ," ಎಂದು ದುರುಗವ್ವ ಕಂಬಿ ಹಿಡಿದು ಮೇಲೆ ಹತ್ತಿದಳು. "ಮುಂದ ಕುಂದರ್ಲೋ, ಹಿಂದ ಕುಂದರ್ಲೋ?"

"ಮುಂದ. ಪೈಪು ಮುಂದೈತಿ."

ಜೀಪು ಒಂದನೇ ಗೇರಿನಲ್ಲಿ ಇಳಿಯಿತು. ಓಬಳೇಶ ಎಡಮೊಣಕಾಲನ್ನು ಗೇರಿನ ಕೋಲಿಗೆ ಒತ್ತಿ ಹಿಡಿದಿದ್ದ. ತುಂಬಿದಾಗ ಮೆತ್ತಗೆ ತೂಗುತ್ತಿದ್ದ ಗಾಡಿ ಈಗ ಪ್ರತಿ ಕಲ್ಲಿಗೂ ಎಗರುತ್ತಿತ್ತು. ಎಗರಿದಾಗಲೆಲ್ಲ ಎಲ್ಲಮ್ಮ ಕೂಗುತ್ತಿದ್ದಳು. ಅವನು ಬ್ರೇಕನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದ. ಪ್ರತಿಸಲವೂ ಪೆಡಲು ಗಟ್ಟಿಯಾಗಿ ಸಿಗುತ್ತಿತ್ತು.

ಎಮ್ಮೆಬೆನ್ನು ಬಂತು. ಅವನು ಬಂಡೆಯ ಮೇಲೆ ಹತ್ತಿಸಿ ಬಹುತೇಕ ನಿಲ್ಲಿಸಿಬಿಟ್ಟ. ಆಚೆ ಬದಿಯಲ್ಲಿ ಮಳೆನೀರು ಕೊರೆದ ಗುಂಡಿಯಿತ್ತು. ಬಲಗಾಲಿ ಬಂಡೆಯ ಮೇಲೆ, ಎಡಗಾಲಿ ಗುಂಡಿಯ ಕಡೆಗೆ.

"ಮೆಲ್ಲಕ," ಎಂದಳು ದುರುಗವ್ವ.

ಎಡಗಾಲಿ ಇಳಿಯಿತು, ನೆಲ ಸಿಗಲಿಲ್ಲ, ಇನ್ನೂ ಇಳಿಯಿತು. ಸದ್ದೇನೂ ಕೇಳಲಿಲ್ಲ. ಅವನ ಬಲಗಾಲಿನ ಕೆಳಗೆ ಪೆಡಲು ಮಾತ್ರ ಹಲಗೆಯ ತನಕ ಹೋಯಿತು.

ಗಾಲಿ ನೆಲಕ್ಕೆ ಬಡಿದ ಏಟಿಗೆ ಗೇರಿನ ಕೋಲು ಅವನ ಮೊಣಕಾಲನ್ನು ತಳ್ಳಿ ಹಾರಿತು. ಎಂಜಿನ್ನಿನ ಗುರುಗುಟ್ಟು ಹಗುರಾಯಿತು. ಜೀಪು ತನ್ನಷ್ಟಕ್ಕೆ ಓಡತೊಡಗಿತು.

"ಹೋತು," ಎಂದ ಅವನು.

"ಗುಡ್ಡಕ್ಕ ತಿರುಗಿಸು! ಗುಡ್ಡಕ್ಕ!" ದುರುಗವ್ವ ಹಿಂದಕ್ಕೆ ವಾಲಿ ಎಲ್ಲಮ್ಮನ ರವಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ತಾನು ಏನನ್ನೂ ಹಿಡಿದುಕೊಳ್ಳಲಿಲ್ಲ.

ಕೆಳಗಿನ ತಿರುವಿನಲ್ಲಿ ಬಲಕ್ಕೆ ಕೆಂಪು ಮಣ್ಣಿನ ದೊಡ್ಡ ರಾಶಿಯಿತ್ತು. ಓಬಳೇಶ ಎರಡೂ ಕೈಯಿಂದ ಸ್ಟೀರಿಂಗನ್ನು ಅದರ ಕಡೆಗೆ ಎಳೆದ. ಮೊದಲಿನ ಎತ್ತರದಲ್ಲಿದ್ದರೆ ಜೀಪು ಮೂತಿ ಹುಗಿದು ನಿಲ್ಲುತ್ತಿತ್ತೇನೋ. ಈಗ ಬಲಗಾಲಿಗಳು ರಾಶಿಯನ್ನು ಹತ್ತಿದವು, ಎಡಗಡೆ ಕೆಳಕ್ಕೆ ವಾಲಿತು, ಗಾಡಿ ಎಡಕ್ಕೆ ಮಗುಚಿತು. ದುರುಗವ್ವ ಕೂತಿದ್ದು ಎಡಗಡೆ.

ಗುರುವಾರದ ಬಸ್ಸಿಗೆ ಬಳ್ಳಾರಿಯಿಂದ ಉದ್ದನೆಯ ಪೈಪು ಬಂತು. ಮರಿಸ್ವಾಮಿ ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದ. ಯಾರೂ ಕೇಳಿಕೊಂಡು ಬರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲಮ್ಮನ ಬಲಪಾದವನ್ನು ತೆಗೆದರು. ಓಬಳೇಶನಿಗೆ ಹಣೆಯ ಮೇಲೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ದುರುಗವ್ವನ ಹೆಣವನ್ನು ಜೀಪಿನ ಕಂಬಿಯ ಕೆಳಗಿನಿಂದ ಎತ್ತಲು ಎಂಟು ಜನ ಬೇಕಾಯಿತು.

ಸೋಮವಾರ ಗಾಳೆಪ್ಪನ ಜೀಪು ಎಂಟಕ್ಕೆ ಮೊದಲೇ ಮೇಲೆ ಬಂತು. ತಾಯಪ್ಪ ಹಾಜರಿ ಪುಸ್ತಕ ಬಿಡಿಸಿ, ಇಳಿದವರನ್ನು ಬೆರಳು ತೋರಿಸಿ ಎಣಿಸಿದ. ಹನ್ನೆರಡರಲ್ಲಿ ಇಬ್ಬರು ಇರಲಿಲ್ಲ. ಹತ್ತು ಎಂದು ಬರೆದುಕೊಂಡ.