ಹನ್ನೆರಡು ಸ್ಪ್ರಿಂಗಿನ ಕ್ಲಚ್ಚು

ಅರೆಕೆರೆಯ ಸಪ್ಪಲಮ್ಮ ಲಾರಿ ಓಡಿಸಲು ಕಲಿತ ಕಾಲಕ್ಕೆ ಜೆ.ಪಿ. ನಗರದಲ್ಲಿ ಮನೆಗಳಿಗಿಂತ ಸೈಟುಕಲ್ಲುಗಳೇ ಹೆಚ್ಚಾಗಿದ್ದವು. ರಾಗಿ ಹೊಲಗಳ ಮೇಲೆ ಎಳೆದ ಹೊಸ ರಸ್ತೆಗಳು ಯಾರೂ ಓಡಾಡದೆ ಮಲಗಿರುತ್ತಿದ್ದವು. ಬೆಳಗಿನ ಮಂಜಿನಲ್ಲಿ ಗಂಡ ಸಂಜೀವಯ್ಯ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಸ್ಟೇರಿಂಗ್ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕೂರುತ್ತಿದ್ದ.

ಅವನ ಕಣ್ಣು ಆಗಲೇ ಮಂಕಾಗತೊಡಗಿತ್ತು. ಅಂಚಿನಿಂದ ಒಳಕ್ಕೆ ಕತ್ತಲೆ ಬರುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದರು. ಇಪ್ಪತ್ತು ವರ್ಷ ಲಾರಿ ಓಡಿಸಿದವನು ಅದನ್ನು ಕೇಳಿಕೊಂಡು ಮನೆಗೆ ಬಂದು, ರಾಗಿಮುದ್ದೆ ಉಂಡು, "ಸಪ್ಪಲೂ, ನಾಳೆಯಿಂದ ನೀನು ಕಲೀಬೇಕು" ಎಂದಿದ್ದ.

ಆ ಲಾರಿ ಪರದೇಶದ್ದು. ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಯಲು ಬಂದಿದ್ದ ತಂಡವೊಂದು ಊರಿಗೆ ಹಿಂದಿರುಗುವಾಗ ಹರಾಜು ಹಾಕಿದ್ದು. ಅವರಲ್ಲಿ ಡ್ರೈವರಾಗಿದ್ದ ಸಂಜೀವಯ್ಯನೇ ಅದನ್ನು ಹಿಡಿದು, ಹಿಂದೆ ನೀರಿನ ಟ್ಯಾಂಕು ಕೂರಿಸಿದ್ದ. ಸ್ಟೇರಿಂಗು ಎಡಗಡೆಗಿತ್ತು. ಕ್ಲಚ್ಚು ಇರಲಿಲ್ಲ, ಗೇರು ಹಾಕುವ ಕೆಲಸವೂ ಇರಲಿಲ್ಲ. ಕಾಲ ಕೆಳಗೆ ಎರಡೇ ಪೆಡಲು, ಒಂದು ಹೋಗಲು, ಒಂದು ನಿಲ್ಲಲು. ಮಿಕ್ಕಿದ್ದನ್ನು ಗಾಡಿ ತಾನೇ ತಿಳಿದುಕೊಳ್ಳುತ್ತಿತ್ತು. ಏರು ಬಂದರೆ ತಾನೇ ಉಸಿರು ಹಿಡಿದು, ಇಳಿಜಾರಿನಲ್ಲಿ ತಾನೇ ಉಸಿರು ಬಿಡುತ್ತಿತ್ತು. ಸಪ್ಪಲಮ್ಮನಿಗೆ ಅದು ಓಡಿಸಿದಂತೆಯೇ ಅನಿಸುತ್ತಿರಲಿಲ್ಲ. ಕೆರೆಯಲ್ಲಿ ಹರಿಗೋಲು ತಾನಾಗಿ ಸಾಗಿದಂತೆ, ಅವಳು ಮೇಲೆ ಸುಮ್ಮನೆ ಕೂತಂತೆ.

ಐದು ವರ್ಷ ಹಾಗೇ ಸಾಗಿತು. ಅರೆಕೆರೆಯ ಬಾವಿಯಿಂದ ನೀರು ತುಂಬಿಕೊಂಡು ಹೊಸ ಕಟ್ಟಡಗಳಿಗೆ ಸುರಿದು ಬರುವುದು. ಸಂಜೀವಯ್ಯನಿಗೆ ಈಗ ಬಿಸಿಲು ನೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ದಿನವೂ ಪಕ್ಕದಲ್ಲಿ ಕೂತು ಬರುತ್ತಿದ್ದ.

ಎಂಬತ್ಮೂರರ ಬೇಸಿಗೆಯ ಒಂದು ಮಧ್ಯಾಹ್ನ ಜೆ.ಪಿ. ನಗರದ ಎರಡನೇ ಫೇಸಿನಲ್ಲಿ ಲಾರಿ ನಿಂತುಬಿಟ್ಟಿತು. ಇಂಜಿನ್ನು ಕೂಗುತ್ತದೆ, ಚಕ್ರ ಅಲುಗುವುದಿಲ್ಲ. ಕೆಳಗಿಳಿದು ನೋಡಿದರೆ ರಸ್ತೆಯ ಮೇಲೆ ಕುಂಕುಮ ಕದಡಿದ ನೀರಿನಂಥ ಕೆಂಪು ಎಣ್ಣೆ ಹರಿಯುತ್ತಿತ್ತು.

"ಏನಾಯ್ತು?" ಎಂದ ಸಂಜೀವಯ್ಯ ಮೇಲಿನಿಂದ.

"ರಕ್ತ ಸುರಿಸ್ತಾ ಐತೆ" ಎಂದಳು ಅವಳು.

ಇನ್ನೊಂದು ಲಾರಿಗೆ ಕಟ್ಟಿ ಯಡಿಯೂರಿಗೆ ಎಳೆಸಿದರು. ಅಲ್ಲಿ ಕೆರೆಯ ಹತ್ತಿರ ಮೆಕ್ಯಾನಿಕ್ ಪಿಳ್ಳಣ್ಣನ ಶೆಡ್ಡಿತ್ತು. ಮಾತು ಕಡಿಮೆ, ಕೈ ನಿಧಾನ, ಆದರೆ ಅವನು ಮುಟ್ಟಿದ ಗಾಡಿ ಮತ್ತೆ ರಿಪೇರಿಗೆ ಬರುತ್ತಿರಲಿಲ್ಲ. ಅವನು ಗೇರಿನ ಪೆಟ್ಟಿಗೆ ಇಳಿಸಿ, ಬಿಚ್ಚಿ, ಅದರ ಮುಂದೆ ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂತ. ಒಳಗೆಲ್ಲ ಇರುವೆ ಗೂಡಿನಂಥ ಸಣ್ಣ ಸಣ್ಣ ದಾರಿಗಳು.

"ಇದರೊಳ್ಗೆ ಯಾರೋ ಕೂತ್ಕೊಂಡು ಯೋಚ್ನೆ ಮಾಡ್ತಿದ್ದಂಗೈತೆ ಕಣಕ್ಕ" ಎಂದ. "ಸುಟ್ಟೋಗಿದೆ. ಇದರ ಸಾಮಾನು ನಮ್ಮ ದೇಶದಲ್ಲೇ ಸಿಗಲ್ಲ. ತೆಗ್ದು ಕೈಗೇರಿನ ಪೆಟ್ಟಿಗೆ ಕೂರಿಸ್ಬೋದು. ಕ್ಲಚ್ಚು ತುಳೀಬೇಕಾಗುತ್ತೆ."

"ನಂಗೆ ಕ್ಲಚ್ಚು ಗೊತ್ತಿಲ್ವಲ್ಲಣ್ಣ."

"ನಂಗೆ ಇದೂ ಗೊತ್ತಿರ್ಲಿಲ್ಲ" ಎಂದು ಪಿಳ್ಳಣ್ಣ ಪೆಟ್ಟಿಗೆ ತೋರಿಸಿದ.

ಹದಿನೈದು ದಿನ ಕೆಲಸ ನಡೆಯಿತು. ಗುಜರಿಯಿಂದ ಒಂದು ಗೇರ್ ಬಾಕ್ಸ್ ಬಂತು. ಅದಕ್ಕೂ ಇಂಜಿನ್ನಿಗೂ ಹೊಂದುವಂತೆ ನಡುವೆ ಕಬ್ಬಿಣದ ತಟ್ಟೆಯೊಂದನ್ನು ಮಾಡಿಸಿದರು, ಕ್ಯಾಬಿನ್ನಿನ ನೆಲ ಕೊರೆದು ಗೇರಿನ ಕೋಲಿಗೆ ದಾರಿ ಮಾಡಿದರು. ಕೊನೆಗೆ ಪಿಳ್ಳಣ್ಣ ಗೋಣಿಚೀಲದ ಮೇಲೆ ಎರಡು ಕ್ಲಚ್ಚುಗಳನ್ನಿಟ್ಟು ಅವರನ್ನು ಕರೆಸಿದ. ಒಂದರಲ್ಲಿ ಒಂಬತ್ತು ಸ್ಪ್ರಿಂಗು, ಇನ್ನೊಂದರಲ್ಲಿ ಹನ್ನೆರಡು.

"ಎರಡೂ ತುಳ್ದು ನೋಡಕ್ಕ. ಹನ್ನೆರಡರದ್ದು ತುಂಬಿದ ಟ್ಯಾಂಕು ಹೊರುತ್ತೆ, ಕಾಲಿಗೆ ಭಾರ. ಒಂಬತ್ತರದ್ದು ಹಗೂರ. ಆದ್ರೆ ತುಂಬಿದ ಟ್ಯಾಂಕಿಟ್ಕೊಂಡು ಏರು ಹತ್ಸಿದ್ರೆ ಜಾರುತ್ತೆ, ಸುಟ್ಟೋಗುತ್ತೆ. ಅರ್ಧ ನೀರು ತುಂಬ್ಕೊಂಡು ಓಡಿಸ್ಬೇಕು."

ಒಂದಾದ ಮೇಲೊಂದು ಕೂರಿಸಿ ತುಳಿಯಲು ಕೊಟ್ಟ. ಒಂಬತ್ತರದ್ದು ಸಲೀಸಾಗಿ ಇಳಿಯಿತು. ಹನ್ನೆರಡರದ್ದಕ್ಕೆ ಸೀಟಿನಿಂದ ಎದ್ದು ನಿಲ್ಲಬೇಕಾಯಿತು. ಮೂರನೇ ಸಲ ತುಳಿಯುವಷ್ಟರಲ್ಲಿ ಅವಳ ತೊಡೆ ನಡುಗಿತು. ಸಂಜೀವಯ್ಯ ಬಗ್ಗಿ ಅವಳ ಮೊಣಕಾಲ ಮೇಲೆ ಅಂಗೈ ಇಟ್ಟ. ನಡುಕ ಅವನ ಕೈಗೆ ತಿಳಿಯಿತು.

"ಹಗೂರದ್ದೇ ಹಾಕ್ಬಿಡು ಪಿಳ್ಳಣ್ಣ. ಅರ್ಧ ನೀರೇ ಸಾಕು."

"ಬೇಡ" ಎಂದಳು ಸಪ್ಪಲಮ್ಮ.

ಇಬ್ಬರೂ ಅವಳ ಕಡೆ ತಿರುಗಿದರು.

"ಅರ್ಧ ತುಂಬಿದ ನೀರು ಸುಮ್ಕಿರಲ್ಲ. ತಿರುವಿನಲ್ಲಿ ಒಂದ್ಕಡೆ ನುಗ್ಗುತ್ತೆ, ಬ್ರೇಕ್ ಹಾಕಿದ್ರೆ ಮುಂದಕ್ಕೆ ತಳ್ಳುತ್ತೆ. ನಾನು ನೋಡಿದೀನಿ. ತುಂಬಿದ ನೀರು ಮಲಗಿರುತ್ತೆ. ಭಾರದ್ದೇ ಇರ್ಲಿ."

ಪಿಳ್ಳಣ್ಣ ಒಂದು ಬೀಡಿ ಸೇದಿ ಮುಗಿಸಿದ. ಆಮೇಲೆ ಪೆಡಲಿನ ಕೋಲನ್ನು ಕತ್ತರಿಸಿ, ಒಂದು ಗೇಣು ಉದ್ದ ಸೇರಿಸಿ ವೆಲ್ಡಿಂಗ್ ಮಾಡಿದ. "ಸನ್ನೆಕೋಲು ಉದ್ದ ಆದಷ್ಟೂ ಭಾರ ಕಮ್ಮಿ" ಎಂದ. ಕಾಲು ದೂರ ಚಾಚಬೇಕಾಗಿದ್ದರಿಂದ ಸೀಟನ್ನು ಮುಂದಕ್ಕೆ ಸರಿಸಿದ. ಈಗ ಕ್ಲಚ್ಚು ಇಳಿಯುತ್ತಿತ್ತು. ಆದರೆ ಅವಳು ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಮೈಯೆಲ್ಲ ಬಲ ಹಾಕಿದರೆ ಮಾತ್ರ.

"ಹಂಗಾದ್ರೆ ಗೇರು ಯಾರು ಹಾಕ್ತಾರೆ?" ಎಂದ ಪಿಳ್ಳಣ್ಣ.

ಗೇರಿನ ಕೋಲು ಇಬ್ಬರ ನಡುವೆ ಇತ್ತು. ಸಂಜೀವಯ್ಯ ಎಡಗೈ ಚಾಚಿ ಅದನ್ನು ಹುಡುಕಿ ಹಿಡಿದ. ಬಹಳ ದಿನದ ಮೇಲೆ ಅವನ ಮುಖದಲ್ಲಿ ನಗು ಬಂತು.

ಅಂದಿನಿಂದ ಆ ಗಾಡಿಯನ್ನು ಇಬ್ಬರು ಓಡಿಸಿದರು. ಅವಳು ನೋಡುವಳು, ಅವನು ಕೇಳುವನು. ಇಂಜಿನ್ನಿನ ದನಿ ಏರಿ ಇನ್ನೇನು ಒಡೆಯಬೇಕು ಎನ್ನುವಾಗ ಅವನು "ಹೂಂ" ಎನ್ನುವನು. ಅವಳು ತುಳಿಯುವಳು, ಕೋಲು ಬೆಣ್ಣೆಯಲ್ಲಿ ಹೋದಂತೆ ಹೋಗುವುದು. ಕೆಲವು ವಾರಗಳಲ್ಲಿ "ಹೂಂ" ಕೂಡ ಬೇಕಾಗಲಿಲ್ಲ. ಅವಳ ಕಾಲು ಹೋಗುವುದೂ ಅವನ ಕೈ ಹೋಗುವುದೂ ಒಂದೇ ಗಳಿಗೆಯಲ್ಲಿ ಆಗುತ್ತಿತ್ತು.

"ಏನು ಕಾಣುತ್ತೆ?" ಎಂದು ಅವನು ಕೇಳುತ್ತಿದ್ದ. ಜಯನಗರದ ಮರಗಳ ಕೆಳಗೆ ಹೋಗುವಾಗ ಅವಳು ಹೇಳುತ್ತಿದ್ದಳು: "ಹಳದಿ ಹೂ ರಸ್ತೆ ತುಂಬಾ ಬಿದ್ದವೆ. ಒಬ್ಬ ಅಯ್ನೋರು ಛತ್ರಿ ಹಿಡ್ಕೊಂಡು ಹೂ ತುಳೀದಂಗೆ ನೆಗೆದು ನೆಗೆದು ಹೋಗ್ತವ್ರೆ." ಅವನು ನಗುತ್ತ ಮೂರನೇ ಗೇರಿಗೆ ಬದಲಾಯಿಸುತ್ತಿದ್ದ. ಹಿಂದೆ ತುಂಬಿದ ನೀರು ಸದ್ದಿಲ್ಲದೆ ಮಲಗಿರುತ್ತಿತ್ತು. ಆಗ ಅವಳಿಗೆ ತಾನು, ಗಂಡ, ಆ ನೀರು, ಮೂವರೂ ಒಂದೇ ನಿದ್ದೆಯಲ್ಲಿ ನಡೆಯುತ್ತಿದ್ದೇವೆ ಅನಿಸುತ್ತಿತ್ತು.

ಕಾರ್ತೀಕದಲ್ಲಿ ಸಂಜೀವಯ್ಯನಿಗೆ ಜ್ವರ ಬಂತು. ಮೂರನೇ ದಿನ ಬೆಳಿಗ್ಗೆ ಕಟ್ಟಡದ ಮೇಸ್ತ್ರಿ ಯಲ್ಲಯ್ಯ ಸೈಕಲ್ಲಿನಲ್ಲಿ ಬಾಗಿಲಿಗೆ ಬಂದ.

"ಅಕ್ಕ, ನೆನ್ನೆ ತಾರಸಿಗೆ ಮೋಲ್ಡ್ ಹಾಕಿದೀವಿ. ಇವತ್ತು ಅದ್ರ ಮೇಲೆ ನೀರು ಕಟ್ಟಿ ನಿಲ್ಲಿಸ್ದಿದ್ರೆ ಬಿರುಕು ಬಿಡುತ್ತೆ."

ಅವಳು ಗಂಡನ ಕಡೆ ನೋಡಿದಳು. ಅವನು ಕಂಬಳಿಯೊಳಗಿಂದಲೇ "ಹೋಗ್ಬಾ" ಎಂದ.

ಪಕ್ಕದ ಸೀಟು ಬರಿದಾಗಿತ್ತು. ಮೊದಲ ಗೇರಿಗೆ ಕೋಲು ಕರಕರ ಎಂದು ಬೈದಿತು. ಎರಡನೆಯದಕ್ಕೆ ಕ್ಲಚ್ಚು ತುಳಿದು, ಹೆದರಿಕೊಂಡೇ ಬಲಗೈಯನ್ನು ಸ್ಟೇರಿಂಗಿನಿಂದ ಬಿಟ್ಟಳು. ಏನೂ ಆಗಲಿಲ್ಲ. ಆರು ತಿಂಗಳಲ್ಲಿ ಅವಳ ಕಾಲು ಎಷ್ಟು ಗಟ್ಟಿಯಾಗಿದೆಯೆಂಬುದು ಅವಳಿಗೇ ಗೊತ್ತಿರಲಿಲ್ಲ. ಕಿವಿಯೂ ಅಷ್ಟೇ. ಇಂಜಿನ್ನು ಏನು ಕೇಳುತ್ತಿದೆಯೆಂದು ತಿಳಿಯುತ್ತಿತ್ತು. ಬನ್ನೇರುಘಟ್ಟ ರಸ್ತೆಯ ಮಂಜಿನಲ್ಲಿ ಅವಳು ಒಬ್ಬಳೇ ಹೋದಳು. ಸಂತೋಷವೂ ಆಯಿತು. ಆದರೆ ಏನು ಕಾಣುತ್ತದೆಂದು ಕೇಳುವವರಿಲ್ಲದೆ, ಕಂಡದ್ದೆಲ್ಲ ಅವಳೊಳಗೇ ಉಳಿಯಿತು.

ನೀರು ಬಿಟ್ಟು ಮನೆಗೆ ಬಂದಾಗ ಅವನು ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದ.

"ತಿರುವಿನಿಂದಾನೇ ಕೇಳಿಸ್ತು" ಎಂದ. "ಚೆನ್ನಾಗಿ ಓಡಿಸ್ತಿದ್ದೆ. ಮೂರನೇದಕ್ಕೆ ಮಾತ್ರ ಯಾಕೆ ಅಷ್ಟೊತ್ತು ಕಾದೆ?"

"ನೀನು ಹಾಕ್ತೀಯ ಅಂತ ಕಾದೆ" ಎಂದಳು ಸಪ್ಪಲಮ್ಮ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ನಾಚಿದಳು.

ವಾರ ಕಳೆದು ಅವನು ಎದ್ದು ಓಡಾಡುವಂತಾದ. ಬೆಳಿಗ್ಗೆ ಬಂದು ತನ್ನ ಜಾಗದಲ್ಲಿ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡ. ಬಾವಿಯಿಂದ ರಸ್ತೆಯವರೆಗೂ ಅವಳೇ ಗೇರು ಹಾಕಿದಳು. ರಸ್ತೆಗೆ ಬಂದ ಮೇಲೆ ಅವನ ಕೈ ಹಿಡಿದು ಕೋಲಿನ ಮೇಲಿಟ್ಟಳು.

"ಬರುತ್ತಲ್ಲ ನಿಂಗೆ?" ಎಂದ ಅವನು.

"ಬರುತ್ತೆ" ಎಂದಳು. "ನೀನು ಹಾಕು. ಹೇಳೋದು ತುಂಬಾ ಐತೆ, ರಸ್ತೆ ಮೇಲೆ ಇವತ್ತು."