ಏನಿಲ್ಲ, ಆಮೇಲೆ ಹೇಳ್ತೀನಿ

ಆ ಟಿವಿ ವಾಹಿನಿಯಲ್ಲಿ ಕೂಗಾಡದೆ ಕೆಲಸ ಮಾಡುತ್ತಿದ್ದವರು ಇಬ್ಬರೇ. ಒಬ್ಬಳು, ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ನಿಂತು ಕಿವಿ ಕೇಳಿಸದವರಿಗೆ ಕೈಸನ್ನೆಯಲ್ಲಿ ಸುದ್ದಿ ಹೇಳುವವಳು. ಇನ್ನೊಬ್ಬ, ಮಿಕ್ಕವರ ಕೂಗನ್ನೆಲ್ಲ ಏರಿಸಿ ಇಳಿಸುವ ಸೌಂಡಿನವನು. ಅವಳಿಗೆ ಆಫೀಸಿನಲ್ಲಿ ‘ಮೂಲೆ ಅಕ್ಕ’ ಎಂದೇ ಹೆಸರು. ಇಟ್ಟವರು ಯಾರೋ ಏನೋ, ಅಂಟಿಕೊಂಡುಬಿಟ್ಟಿತ್ತು. ಅವಳ ಕೈ ಏನು ಹೇಳುತ್ತಿದೆ ಎಂಬುದು ಮಾತ್ರ ಅಲ್ಲಿ ಒಂದು ನರಪಿಳ್ಳೆಗೂ ತಿಳಿಯದು. ಸುದ್ದಿಯ ಬದಲು ಅವಳು ಇಸ್ತ್ರಿಗೆ ಕೊಟ್ಟ ಬಟ್ಟೆಯ ಲೆಕ್ಕ ಒಪ್ಪಿಸಿದ್ದರೂ ಸಂಪಾದಕರು ಭೇಷ್ ಅನ್ನುತ್ತಿದ್ದರು.

ತಿಳಿಯುವವರು ಇದ್ದದ್ದು ಅವಳ ಅಣ್ಣನ ಟೈಲರ್ ಅಂಗಡಿಯಲ್ಲಿ. ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಸಂಜೆಯಾಯಿತೆಂದರೆ ಅವನಂಥ ಗೆಳೆಯರೆಲ್ಲ ಬಂದು, ಹೊಲಿಗೆ ಮೆಷಿನ್ನುಗಳ ಸಂದಿಯಲ್ಲಿ ಒತ್ತಿಕೊಂಡು ಕೂತು, ಟಿವಿಯ ಆ ಮೂಲೆಯನ್ನು ನೋಡುತ್ತಿದ್ದರು. ಉಳಿದ ಪರದೆ ಅವರ ಪಾಲಿಗೆ ಬರಿಯ ಗೋಡೆ.

ಮತದಾನ ಹತ್ತಿರ ಬಂದಿತ್ತು. ಅಭ್ಯರ್ಥಿಗಳ ಚರ್ಚೆ ನಡೆಯಬೇಕಿದ್ದ ಆ ಸಂಜೆ ಸಂಪಾದಕರು ಅವಳನ್ನೂ ಸೌಂಡಿನವನನ್ನೂ ಒಟ್ಟಿಗೆ ಕರೆದರು.

“ಅಕ್ಕಾ, ಇವತ್ತು ಆ ನರ್ಸಮ್ಮನೂ ಬರ್ತಿದ್ದಾರೆ,” ಎಂದರು. ನರ್ಸಮ್ಮ ಎಂದರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದ ಹೆಂಗಸು, ಯಾವ ಪಕ್ಷವೂ ಇಲ್ಲದೆ ಚುನಾವಣೆಗೆ ನಿಂತವರು. “ಎಲ್ಲರನ್ನೂ ಕರೆದಿದ್ವಿ ಅಂತ ಆಗ್ಬೇಕಲ್ಲ, ಅದಕ್ಕೆ ಕರೆದಿದ್ದೀವಿ. ಬಂದು ಕೂತ್ರೆ ಸಾಕು. ಕೇಳಿಸಬೇಕಾಗಿಲ್ಲ.”

“ಅಂದ್ರೆ?”

“ಅಂದ್ರೆ, ಆಕೆ ಬಾಯಿ ತೆಗೆದಾಗ ಮೈಕ್ ಇಳಿಯುತ್ತೆ. ನೀವು ನಮ್ಮ ನಿರೂಪಕ ಹೇಳಿದ್ದನ್ನಷ್ಟೇ ಹೇಳಿ. ಆ ಮೂಲೆ ಮೇಲೆ ಜಾಹೀರಾತಿನವರು ಆಗ್ಲೇ ಕಣ್ಣು ಹಾಕಿದ್ದಾರೆ. ನಾನೇ ತಡೆದು ಇಟ್ಟಿದ್ದೀನಿ. ಅರ್ಥ ಆಯ್ತಲ್ಲ?”

ಅರ್ಥವಾಗದೆ ಏನು? ಮತ್ತೆ ಚುನಾವಣೆಗೆ ನಿಂತಿದ್ದ ಹಾಲಿ ಪ್ರತಿನಿಧಿಯ ನಗುಮುಖದ ಜಾಹೀರಾತು ಇಡೀ ದಿನ ಆ ವಾಹಿನಿಯಲ್ಲಿ ಓಡುತ್ತಿತ್ತು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯನ್ನು ಸಂಪಾದಕರು ಪಾಲಿಸುತ್ತಿದ್ದರು, ಯಾರ ಉಪ್ಪು ಎಂಬುದನ್ನು ಮಾತ್ರ ಮರೆತಿದ್ದರು.

ಆಮೇಲೆ ಸೌಂಡಿನವನ ಕಡೆ ತಿರುಗಿ, “ಅಕ್ಕನ ಇಯರ್‌ಫೋನಿಗೂ ಪ್ರಸಾರದ ಸೌಂಡೇ ಕೊಡು. ಸ್ಟುಡಿಯೋದ ಹಸಿ ಸೌಂಡ್ ಬೇಡ, ಅದ್ರಲ್ಲಿ ಎಲ್ಲರ ದನಿಯೂ ಇರುತ್ತೆ,” ಎಂದರು.

“ಹೂಂ ಸಾರ್,” ಎಂದ ಅವನು. ಪ್ರಸಾರದ ಧ್ವನಿ ಅವಳಿಗೆ ತುಸು ತಡವಾಗಿ ತಲುಪುತ್ತದೆಂದು, ಹಿಂದೊಮ್ಮೆ ಸ್ಟುಡಿಯೋದ ಧ್ವನಿ ನೇರವಾಗಿ ಅವಳ ಕಿವಿಗೆ ಬರುವಂತೆ ವೈರ್ ಎಳೆದುಕೊಟ್ಟವನು ಅವನೇ.

ಅವಳು ತನ್ನ ಕೋಣೆಗೆ ಹೋದಳು. ಕೋಣೆ ಅಂದರೆ ಹಸಿರು ಬಟ್ಟೆ ಹೊದಿಸಿದ ಒಂದು ಗೋಡೆ, ಒಂದು ಕ್ಯಾಮೆರಾ, ಎದುರಿಗೆ ಒಂದು ಚಿಕ್ಕ ಟಿವಿ, ಪಕ್ಕದ ಗಾಜಿನಾಚೆ ಸೌಂಡಿನವನ ಬೆನ್ನು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಮೂಲೆಯೇ ಹೋದರೆ ಅಣ್ಣನ ಅಂಗಡಿಯ ಟಿವಿ ಪೂರಾ ಗೋಡೆಯಾಗುತ್ತದೆ. ಸುಮ್ಮನೆ ಹೇಳಿದಷ್ಟು ಮಾಡೋಣ ಎಂದುಕೊಂಡಳು.

ಚರ್ಚೆ ಶುರುವಾಯಿತು. ನಿರೂಪಕನಿಗೆ ಆಫೀಸಿನಲ್ಲಿ ‘ಗುಡುಗು’ ಎಂದು ಹೆಸರು, ಮಳೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹಾಲಿ ಪ್ರತಿನಿಧಿಯನ್ನು ಅವನು ಮನೆಯ ಅಳಿಯನಂತೆ ಮಾತಾಡಿಸಿದ. ಆಮೇಲೆ ನರ್ಸಮ್ಮನ ಕಡೆ ತಿರುಗಿ, “ಅನುಭವ ಇಲ್ಲ, ಪಕ್ಷ ಇಲ್ಲ, ಯಾರ ವೋಟ್ ಒಡೆಯೋಕೆ ಬಂದಿದ್ದೀರಿ? ಹೇಳಿ! ಉತ್ತರ ಇಲ್ಲವಾ?” ಎಂದು ಮೇಜು ಗುದ್ದಿದ.

ಚಿಕ್ಕ ಟಿವಿಯಲ್ಲಿ ನರ್ಸಮ್ಮನ ಬಾಯಿ ಅಲ್ಲಾಡುತ್ತಿತ್ತು. ಇಯರ್‌ಫೋನಿನಲ್ಲಿ ಬರಿಯ ಗುಡುಗೇ ಕೇಳಿಸೀತು ಎಂದುಕೊಂಡಿದ್ದಳು. ಕೇಳಿಸಿದ್ದು ಎರಡೂ. ಗುಡುಗಿನ ಅಡಿಯಲ್ಲಿ ನರ್ಸಮ್ಮನ ಸಮಾಧಾನದ ದನಿ ಸ್ಪಷ್ಟವಾಗಿ ಬರುತ್ತಿತ್ತು: “ಉತ್ತರ ಇದೆಯಪ್ಪಾ. ಆಸ್ಪತ್ರೆಯ ಮಕ್ಕಳ ವಾರ್ಡನ್ನ ಇವರು ರಿಬ್ಬನ್ ಕತ್ತರಿಸಿ ಉದ್ಘಾಟನೆ ಮಾಡಿದ್ರು, ನಿಮ್ಮ ವಾಹಿನಿ ತೋರಿಸ್ತು. ಮಾರನೇ ದಿನವೇ ಬೀಗ ಬಿತ್ತು. ನನ್ನ ಮಾತು ನಂಬಬೇಡಿ. ಹಿಂದಿನ ಬಾಗಿಲು ಗಾಜಿನದು, ಹೋಗಿ ಇಣುಕಿ ನೋಡಿ.”

ಅವಳು ಗಾಜಿನಾಚೆ ನೋಡಿದಳು. ಸೌಂಡಿನವನು ತಿರುಗಲಿಲ್ಲ.

ಕಿವಿಯಲ್ಲಿ ಎರಡು ದನಿ, ಇರುವುದು ಒಂದೇ ಜೊತೆ ಕೈ. ಆಗ ಅವಳಿಗೆ ನೆನಪಾದದ್ದು ಚಿಕ್ಕಂದಿನ ಊಟದ ಹೊತ್ತು. ಅಪ್ಪ ಏನೋ ಹೇಳುತ್ತಿದ್ದ, ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅಣ್ಣ ಒಬ್ಬನೇ ಎಲ್ಲರ ಮುಖ ನೋಡುತ್ತ ಅವಳ ತೋಳು ತಟ್ಟುತ್ತಿದ್ದ: ಏನಂತೆ? ಅವಳಿಗೆ ನಗುವ ಆತುರ. “ಏನಿಲ್ಲ, ಆಮೇಲೆ ಹೇಳ್ತೀನಿ,” ಎಂದು ಕೈ ಆಡಿಸಿಬಿಡುತ್ತಿದ್ದಳು. ಆ ‘ಆಮೇಲೆ’ ಒಂದು ದಿನವೂ ಬರಲಿಲ್ಲ. ಒಮ್ಮೆ ಅವನು ಅರ್ಧ ಊಟಕ್ಕೇ ಕೈ ತೊಳೆದು ಎದ್ದುಹೋಗಿದ್ದ.

ಅವಳು ಗುಡುಗನ್ನು ಕೈಬಿಟ್ಟಳು. ‘ಇವರ ಮೈಕ್ ಇಳಿಸಿದ್ದಾರೆ. ಇವರು ಹೇಳುತ್ತಿರುವುದು ಇದು’ ಎಂದು ಮೊದಲು ಹೇಳಿ, ನರ್ಸಮ್ಮನ ಮಾತನ್ನು ಬೀಗ, ಬಾಗಿಲು, ಗಾಜು ಸಮೇತ ಒಂದೂ ಬಿಡದೆ ಕೈಸನ್ನೆಗೆ ಇಳಿಸಿದಳು. ಚರ್ಚೆ ಮುಗಿದಾಗ ಸಂಪಾದಕರು ಬಂದು, “ಚೆನ್ನಾಗಿ ಬಂತು ಅಕ್ಕಾ,” ಎಂದು ಹೊಗಳಿ ಹೋದರು.

ಹೊಗಳಿಕೆ ಮಾರನೇ ಮಧ್ಯಾಹ್ನದವರೆಗೂ ಬಾಳಲಿಲ್ಲ. ಅಣ್ಣನ ಗೆಳೆಯರು ಬೆಳಿಗ್ಗೆಯೇ ಆಸ್ಪತ್ರೆಯ ಹಿಂಬಾಗಿಲಿಗೆ ಹೋಗಿ ಇಣುಕಿದ್ದರು. ಸಾಲಾಗಿ ಮಂಚಗಳು, ಪ್ಲಾಸ್ಟಿಕ್ ಹೊದಿಕೆಯನ್ನೂ ಕಿತ್ತಿರಲಿಲ್ಲ. ಫೋಟೊ ಊರೆಲ್ಲ ಹರಿದಾಡಿತು. ಯಾರು ಹೇಳಿದ್ದು ಎಂದರೆ, ಟಿವಿಯಲ್ಲಿ ಹೇಳಿದರಲ್ಲ ಎಂದು ಬರೆದು ತೋರಿಸಿದರು. ಕಿವಿ ನೆಟ್ಟಗಿದ್ದವರೆಲ್ಲ ಪೆಚ್ಚಾದರು. ಅದೇ ಚರ್ಚೆಯನ್ನು ಅವರೂ ನೋಡಿದ್ದರು.

“ಪ್ರಸಾರವೇ ಆಗದ ಮಾತು ಕಿವುಡರಿಗೆ ಹೇಗ್ರೀ ಕೇಳಿಸ್ತು?” ಎಂದು ಸಂಪಾದಕರು ಕಿರುಚಿದರು.

“ವೈರ್ ಬದಲಾಯಿಸೋದು ಮರೆತೇಹೋಯ್ತು ಸಾರ್,” ಎಂದ ಸೌಂಡಿನವನು ತಲೆ ಕೆರೆದುಕೊಂಡು.

“ಅವನ ತಪ್ಪಲ್ಲ. ಕೇಳಿಸಿದ್ದನ್ನ ಹೇಳೋದು ನನ್ನ ಕೆಲಸ, ಹೇಳಿದೆ,” ಎಂದಳು ಅವಳು.

“ಹಾಗಾದ್ರೆ ಆ ಕೆಲಸ ಇವತ್ತಿಗೆ ಮುಗೀತು. ಮೂಲೆಯೂ ಇಲ್ಲ, ಅಕ್ಕನೂ ಇಲ್ಲ.”

ಮೆಟ್ಟಿಲ ಹತ್ತಿರ ಸೌಂಡಿನವನು ಅವಳ ಚೀಲ ಹಿಡಿದು ನಿಂತಿದ್ದ. “ನಿಜವಾಗ್ಲೂ ಮರೆತ್ಯೇನೋ?” ಎಂದು ಕೇಳಿದಳು.

“ಅಕ್ಕಾ, ಇನ್ನೊಬ್ಬರ ಬಾಯಿ ಮುಚ್ಚೋದರಲ್ಲೇ ನನ್ನ ಸರ್ವೀಸ್ ಎಲ್ಲ ಹೋಯ್ತು. ಒಂದ್ಸಲ ಮರೆಯೋಕಾದ್ರೂ ಬಿಡಿ.”

“ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೋ,” ಎಂದಳು. ಅವನು ಆ ವೈರನ್ನು ಕಿತ್ತಿದ್ದರೆ, ಧೈರ್ಯ ತನಗೆ ಇತ್ತೋ ಇಲ್ಲವೋ ಎಂಬುದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಋಣ ದೊಡ್ಡದೆನ್ನಿಸಿತು.

ಅಂಗಡಿಗೆ ಹೋಗುವ ದಾರಿಯುದ್ದಕ್ಕೂ, ನಾಳೆಯಿಂದ ಮೂಲೆ ಇರುವುದಿಲ್ಲ ಎಂದು ಅಣ್ಣನಿಗೆ ಹೇಗೆ ಹೇಳಲಿ ಎಂಬ ಒಂದೇ ಸಂಕಟ. ಹೋಗಿ ನೋಡಿದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬೇಕರಿಯವನು, ಚಪ್ಪಲಿ ಅಂಗಡಿಯವನು, ಕ್ಷೌರದವನು, ಅವರ ಮನೆಯವರು, ಎಲ್ಲ ಬಂದು ನಿಂತಿದ್ದಾರೆ. ನರ್ಸಮ್ಮ ಮತ್ತೇನು ಹೇಳಿದರು ಎಂದು ಅಣ್ಣನನ್ನೇ ಕೇಳುತ್ತಿದ್ದಾರೆ! ಅಣ್ಣ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು, ಮದುವಣಿಗನ ಗತ್ತಿನಲ್ಲಿ ಕೈ ಆಡಿಸುತ್ತಿದ್ದಾನೆ. ಬಂದವರಿಗೆ ಒಂದೂ ತಿಳಿಯುತ್ತಿಲ್ಲ.

ಅವಳು ಜನರ ತಲೆಗಳ ಮೇಲಿಂದಲೇ ಕೈ ಎತ್ತಿ ಹೇಳಿದಳು: “ಅಣ್ಣಾ, ಮೂಲೆ ಹೋಯಿತು.”

ಅವನ ಮುಖ ಇಳಿದದ್ದನ್ನು ಅವಳು ಕಂಡಳು. ಆಮೇಲೆ ಇಸ್ತ್ರಿ ಮೇಜಿನ ಪಕ್ಕ ಬಿದ್ದಿದ್ದ ಬಟ್ಟೆ ತುಂಡುಗಳನ್ನು ಕಾಲಿನಲ್ಲಿ ಸರಿಸಿ, ಟಿವಿಯ ಪಕ್ಕದ ಆ ಜಾಗವನ್ನು ತೋರಿಸಿದ: “ನನ್ನ ಅಂಗಡಿಯಲ್ಲಿ ಮೂಲೆಗೆ ಬರವೇ? ಸಂಜೆ ಇಲ್ಲಿ ನಿಂತ್ಕೋ.” ಹಿಂದೆಯೇ ಗುಡುಗು ಮೇಜು ಗುದ್ದುವುದನ್ನು ನಟಿಸಿ ಏನೋ ಸೇರಿಸಿದ. ಗೆಳೆಯರೆಲ್ಲ ಬಿದ್ದು ಬಿದ್ದು ನಕ್ಕರು. ಕೆಲಸ ಕಳೆದುಕೊಂಡು ಬಂದವಳು, ಅವಳೂ ನಕ್ಕಳು.

ಚಪ್ಪಲಿ ಅಂಗಡಿಯವನು ಎಲ್ಲರ ಮುಖ ನೋಡಿ ಅವಳ ತೋಳು ತಟ್ಟಿದ. “ಏನಂತಮ್ಮಾ? ಯಾಕೆ ನಗ್ತಿದ್ದಾರೆ?”

ಅಣ್ಣ ಅದನ್ನು ಕಂಡ. ಅವಳ ಕಣ್ಣಲ್ಲೇ ಕಣ್ಣಿಟ್ಟು, ನಿಧಾನವಾಗಿ, ಅವಳದೇ ಹಳೆಯ ಸನ್ನೆ ಮಾಡಿದ: “ಏನಿಲ್ಲ, ಆಮೇಲೆ ಹೇಳ್ತೀನಿ ಅನ್ನು.”

ಅವಳ ನಗು ಕಣ್ಣೀರಾಯಿತು. ಅವನು ಮರೆತಿರಲಿಲ್ಲ, ಇಷ್ಟು ವರ್ಷವೂ. ಆದರೆ ಅಣ್ಣನ ತುಟಿಯಂಚಿನಲ್ಲಿ ನಗು ಹಾಗೇ ಇತ್ತು. ಅವನು ಹತ್ತಿರ ಬಂದು ಅವಳ ಕೆನ್ನೆ ಒರೆಸಿ, ಮತ್ತೆ ಕೈ ಎತ್ತಿದ: “ಬೇಡ. ಪಾಪ, ಕಾಯ್ತಿದ್ದಾನೆ. ಪೂರ್ತಿ ಹೇಳು.”

ಅವಳು ಚಪ್ಪಲಿ ಅಂಗಡಿಯವನ ಕಡೆ ತಿರುಗಿ, ಮೊದಲಿನಿಂದ ಹೇಳತೊಡಗಿದಳು.