ಗುಂಡಾಗದ ಬಟ್ಟಲು

ಕೆಳಗೆ ಅಡುಗೆಮನೆಯಲ್ಲಿ ಲೋಹಕ್ಕೆ ಲೋಹ ತಾಗಿದ ಸಣ್ಣ ಸದ್ದಾಯಿತು. ಡಾರ್ಕಸ್ ಹಾಸಿಗೆಯ ಮೇಲೆ ಎದ್ದು ಕೂತಳು. ಅವಳಿಗೆ ನಿದ್ದೆಯೇನೂ ಹತ್ತಿರಲಿಲ್ಲ.

ಒಲೆಯ ಪಕ್ಕದ ಬುಟ್ಟಿಯಲ್ಲಿ ಊರವರೆಲ್ಲ ಕೊಟ್ಟ ತವರದ ತಟ್ಟೆ, ಚಮಚ, ಬಟ್ಟಲುಗಳಿದ್ದವು. ಕಡಲಾಚೆಯ ದೊರೆಯ ಆಳ್ವಿಕೆ ಬೇಡವೆಂದು ನಾಡು ಸ್ವಾತಂತ್ರ್ಯ ಸಾರಿ ವರ್ಷವಾಗಿತ್ತು; ಸೈನ್ಯಕ್ಕೆ ಗುಂಡಿರಲಿಲ್ಲ. ನಡುರಾತ್ರಿಯ ಮೇಲೆ ಎದ್ದು, ಬೆಳಗಾಗುವಷ್ಟರಲ್ಲಿ ಇವನ್ನೆಲ್ಲ ಕರಗಿಸಿ, ಗುಂಡು ಎರೆದು ಊರಿನ ಯುದ್ಧ ಸಮಿತಿಗೆ ಒಪ್ಪಿಸಬೇಕಿತ್ತು. ಅಚ್ಚು ಇದ್ದದ್ದು ಅವಳ ಮನೆಯಲ್ಲಿ ಮಾತ್ರ, ಯುದ್ಧಕ್ಕೆ ಹೋದ ಗಂಡನದು. ಇಲ್ಲದಿದ್ದರೆ ಈ ಕೆಲಸ ಅವಳ ಪಾಲಿಗೆ ಬರುತ್ತಿರಲಿಲ್ಲ. ಅವಳ ತಮ್ಮ ದೊರೆಯ ಪಕ್ಷ ಸೇರಿ, ದೊರೆಯ ಸೈನ್ಯದ ಕೈಲಿದ್ದ ನ್ಯೂಯಾರ್ಕಿಗೆ ಓಡಿಹೋದ ಮೇಲೆ ಊರು ಅವಳ ಮನೆಯ ಹೊಗೆಯನ್ನೂ ಗಮನಿಸುತ್ತಿತ್ತು. ಸಮಿತಿಯ ಎಬನೀಜರ್ ಬುಟ್ಟಿಯನ್ನು ತೂಗಿಯೇ ಇಟ್ಟುಹೋಗಿದ್ದ. ಕಡಿಮೆ ಬಂದರೆ ಅವಳು ದ್ರೋಹಿ, ಮನೆ ಮುಟ್ಟುಗೋಲು.

ಹೊರಗಿನಿಂದ ಎಳೆದರೆ ಬಾಗಿಲು ತೆರೆಯುವ ಚಿಲಕದ ದಾರವನ್ನು ಮಲಗುವಾಗ ಒಳಗೆಳೆದುಕೊಳ್ಳಬಹುದಿತ್ತು. ಎಳೆದುಕೊಂಡರೆ ಏನು ಬಚ್ಚಿಡುತ್ತಾಳೋ ಎಂದು ಜನ ಆಡಿಕೊಂಡಾರೆಂದು ಹೊರಗೇ ಬಿಟ್ಟಿದ್ದಳು.

ಬರಿಗಾಲಲ್ಲಿ ಇಳಿದಳು. ಕೆಂಡದ ಬೆಳಕಿನಲ್ಲಿ ಬುಟ್ಟಿಯ ಮುಂದೆ ಮಂಡಿಯೂರಿದ್ದವಳು ಮೆಹಿಟಬೆಲ್, ಚರ್ಚಿನ ಹಿರಿಯನ ಹೆಂಡತಿ. ಭಾನುವಾರ ಎಲ್ಲರೆದುರು ಮೊದಲ ಬಟ್ಟಲು ಕೊಟ್ಟವಳು ಇವಳೇ. ಕೊಟ್ಟು, ಡಾರ್ಕಸ್ ಕಡೆ ತಿರುಗಿ, "ನೋಡ್ಕೊಂಡು ಎರಿಯಮ್ಮ. ನಿನ್ ಗುಂಡು ನಿನ್ ತಮ್ಮನ್ನ ಕಂಡ್ರೆ ಪಕ್ಕಕ್ಕೆ ಸರಿದು ಹೋಗ್ಬಾರ್ದು" ಅಂದಿದ್ದಳು. ಹೆಂಗಸರೆಲ್ಲ ನಕ್ಕಿದ್ದರು.

ಈಗ ಅದೇ ಬಟ್ಟಲನ್ನು ಎದೆಗೆ ಒತ್ತಿಕೊಂಡಿದ್ದಳು.

"ಬೇರೆ ಏನಾದ್ರೂ ಕೊಡೋಣ ಅಂದೆ. ಯಜಮಾನ್ರು ಇದೇ ಆಗ್ಬೇಕು ಅಂದ್ರು, ಊರಿಗೆ ಮಾದರಿ ಅಂತ." ಅಂಚನ್ನು ಬೆಳಕಿಗೆ ಹಿಡಿದಳು. "ಇಲ್ನೋಡು, ಹಲ್ಲು ಬರೋವಾಗ ಕಚ್ಚಿದ್ದು."

ಅವಳ ಮಗು ಸಿಡುಬಿನಲ್ಲಿ ಹೋಗಿ ಇನ್ನೂ ಆರು ತಿಂಗಳಾಗಿರಲಿಲ್ಲ.

"ನಾಳೆ ತೂಗ್ತಾರೆ ಅಕ್ಕಾ. ಕಮ್ಮಿ ಬಂದ್ರೆ ನನ್ನನ್ನೇ ಹಿಡಿಯೋದು."

"ಗೊತ್ತು." ಮೆಹಿಟಬೆಲ್ ಬಟ್ಟಲನ್ನು ಮುಂದೆ ಚಾಚಿದಳು. ಆದರೆ ಬೆರಳು ಸಡಿಲಿಸಲಿಲ್ಲ.

ಡಾರ್ಕಸ್ ಅದನ್ನು ತೆಗೆದುಕೊಳ್ಳಲಿಲ್ಲ. ಬಾಗಿಲು ತೆರೆದು, ಹೊರಗೆ ಯಾರೂ ಇಲ್ಲವೆಂದು ಎರಡು ಸಲ ನೋಡಿ, ಬಟ್ಟಲಿನ ಸಮೇತ ಅವಳನ್ನು ಕಳಿಸಿದಳು. ಆಮೇಲೆ ಮೇಲೆ ಹೋಗಿ, ಮಂಚದ ಕೆಳಗಿನಿಂದ ಅಮ್ಮನದಾಗಿದ್ದ ತವರದ ಟೀ ಪಾತ್ರೆ ತಂದು ಕರಗಲು ಹಾಕಿದಳು.

ಬೆಳಿಗ್ಗೆ ಎಬನೀಜರ್ ಗುಂಡುಗಳನ್ನು ತೂಗಿದ, ಮತ್ತೊಮ್ಮೆ ತೂಗಿದ.

"ಜಾಸ್ತಿ ಬಂತಲ್ಲ. ಏನ್ ಸೇರಿಸ್ದೆ?"

ಅವಳು ಹೇಳಿದಳು.

"ಟೀ ಪಾತ್ರೆನಾ? ದೊರೆ ತೆರಿಗೆ ಹಾಕ್ದ ಅಂತ ಊರೇ ಟೀ ಬಿಟ್ಟು ಮೂರು ವರ್ಷ ಆಯ್ತು. ಇನ್ನೂ ಯಾಕಮ್ಮ ಇಟ್ಕೊಂಡಿದ್ದೆ, ದೊರೆ ಬರ್ತಾನೆ ಅಂತಾನಾ?"

ಬಾಗಿಲಲ್ಲಿ ಗುಂಪುಗೂಡಿದ್ದ ಹೆಂಗಸರು ಗುಸುಗುಸು ಶುರುಮಾಡಿದರು. ಅವರ ನಡುವೆ ಮೆಹಿಟಬೆಲ್ ನೆಲ ನೋಡುತ್ತ ನಿಂತಿದ್ದಳು. ಒಂದು ಮಾತು ಸಾಕಿತ್ತು. ಊರಿನ ಕಣ್ಣೆಲ್ಲ ಆ ಕಡೆ ತಿರುಗುತ್ತಿತ್ತು. ಮಾತು ಡಾರ್ಕಸ್‌ಳ ನಾಲಿಗೆಯವರೆಗೂ ಬಂತು.

"ಅಮ್ಮಂದು ಅಂತ ಇಟ್ಕೊಂಡಿದ್ದೆ," ಎಂದಷ್ಟೇ ಹೇಳಿದಳು.

ಎಬನೀಜರ್ ಅವಳನ್ನು ದಿಟ್ಟಿಸಿ ನೋಡಿ, ಚೀಲ ಕಟ್ಟಿಕೊಂಡು ಹೋದ. ಇನ್ನುಮೇಲೆ ಈ ಮನೆಯ ಮೇಲೆ ಕಣ್ಣು ಇನ್ನಷ್ಟು ಹೆಚ್ಚುತ್ತದೆಂದು ಅವಳಿಗೆ ತಿಳಿದಿತ್ತು. ಆದರೂ ರಾತ್ರಿ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ, ಗಂಡನಿಗೆ ಬರೆಯುವ ಕಾಗದದಲ್ಲೂ ಇಲ್ಲ ಎಂದು ನಿರ್ಧರಿಸಿದಳು.